ಸಹಿವಾಸ

ಕಡವಿನಕೋಡಿಗೆ ಬಂದು ಡಾಕ್ಟರ್ ಧಾತ್ರಿ ಬಳಿಗಾರರ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಸಹಿಯಮ್ಮನ ಮನೆ ಎಂದರೆ ಮಾತ್ರ ಕೈ ತೋರಿಸುತ್ತಿದ್ದರು. ಕುಂದಾಪುರದಿಂದ ಉತ್ತರಕ್ಕೆ, ಹೊಳೆ ಕಡಲು ಸೇರುವ ಮೂಲೆಯಲ್ಲಿದ್ದ ಆ ಊರಿಗೆ ಅವಳು ಬಂದು ಏಳು ವರ್ಷವಾಗಿತ್ತು. ಇನ್ನೂ ಹದಿನೈದು ವರ್ಷ ಇರಬೇಕಿತ್ತು. ಅಪರಾಧ ಮಾಡಿ ಬಂದವಳೇನಲ್ಲ. ಒಂದು ವರದಿಗೆ ಸಹಿ ಹಾಕಿದ್ದಳು, ಅಷ್ಟೆ.

ಕಡಲಿನಲ್ಲಿ ಅನಿಲ ಬಾವಿ ಕೊರೆಯಬಹುದೇ ಬಾರದೇ ಎಂದು ಹೇಳುವ ವಿಜ್ಞಾನಿಗಳು ಹಿಂದೆಲ್ಲ ವರದಿ ಬರೆದು, ಸಹಿ ಹಾಕಿ, ದೂರದ ನಗರಗಳ ತಮ್ಮ ಮನೆಗಳಿಗೆ ಹೋಗಿಬಿಡುತ್ತಿದ್ದರು. ಬಾವಿ ಸೋರಿದರೆ ಅನುಭವಿಸುವವರು ದಡದ ಜನ. ಎಲ್ಲೋ ಒಂದು ಕಡೆ ಹಾಗೆ ಸೋರಿ ಮೂರು ಊರು ಖಾಲಿಯಾದ ಮೇಲೆ ಹೊಸ ಕಾಯ್ದೆ ಬಂತು. ಬಾವಿಯಿಂದ ಅಪಾಯವಿಲ್ಲ ಎಂದು ಯಾರು ಸಹಿ ಹಾಕುತ್ತಾರೋ ಅವರು ಆ ಬಾವಿಯ ಅವಧಿ ಮುಗಿದು ಅದು ಮುಚ್ಚುವ ತನಕ ಅದಕ್ಕೆ ಅತಿ ಹತ್ತಿರದ ಊರಿನಲ್ಲೇ ವಾಸಿಸಬೇಕು. ಅಲ್ಲಿನ ನೀರು ಕುಡಿಯಬೇಕು, ಅಲ್ಲಿನ ಗಾಳಿ ಉಸಿರಾಡಬೇಕು. ವರ್ಷಕ್ಕೆ ನಲವತ್ತು ದಿನ ಮಾತ್ರ ಹೊರಗಿರಬಹುದು. ದಿನಾ ಬೆಳಿಗ್ಗೆ ಪಂಚಾಯಿತಿ ಕಟ್ಟೆಯ ಕಂಬದಲ್ಲಿದ್ದ ಗಾಜಿನ ಮೇಲೆ ಹೆಬ್ಬೆರಳಿಡಬೇಕು. ನಲವತ್ತೊಂದನೇ ದಿನ ಬೆರಳು ಬೀಳದಿದ್ದರೆ ಸಹಿ ರದ್ದು, ಬಾವಿ ಬಂದ್, ಸಹಿದಾರರ ಮೇಲೆ ಮೊಕದ್ದಮೆ.

ಕಾಯ್ದೆಯಲ್ಲಿ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದರು. ತಾನು ಬರೆದದ್ದು ತಪ್ಪೆಂದು ಸಹಿದಾರರಿಗೇ ಕಂಡುಬಂದರೆ ಸಹಿ ಹಿಂತೆಗೆದುಕೊಳ್ಳಬಹುದು. ತಪ್ಪು ಸಾಬೀತಾದರೆ ತೊಂಬತ್ತು ದಿನದಲ್ಲಿ ಬಾವಿ ಮುಚ್ಚಬೇಕು, ಸಹಿದಾರರು ತಮ್ಮಿಷ್ಟ ಬಂದ ಕಡೆ ಹೋಗಬಹುದು. ಕಾಯ್ದೆಗೆ ಉದ್ದನೆಯ ಹೆಸರಿತ್ತು. ಪತ್ರಿಕೆಯವರು 'ಸಹಿವಾಸ ಕಾಯ್ದೆ' ಎಂದರು, ಅದೇ ಉಳಿಯಿತು.

ಸಹಿ ಹಾಕುವಾಗ ಧಾತ್ರಿಗೆ ಮೂವತ್ತಾರು. ಇಂಥದೊಂದು ಕಾಯ್ದೆ ಬೇಕೇ ಬೇಕಿತ್ತು ಎಂದು ಸಭೆಗಳಲ್ಲಿ ಭಾಷಣ ಮಾಡಿದವಳು. ಧಾರವಾಡದಲ್ಲಿ ಅವಳ ಜೊತೆಗೇ ಓದಿ ಅವಳನ್ನೇ ಮದುವೆಯಾಗಿದ್ದ ವಿರೂಪಾಕ್ಷ ಚಿತ್ರಕಲೆ ಮೇಷ್ಟ್ರು. ಅವನು ನಗುತ್ತಲೇ ಗಂಟುಮೂಟೆ ಕಟ್ಟಿದ. ಇಲ್ಲಿನ ಹೈಸ್ಕೂಲಿಗೆ ಸೇರಿದ, ಈಜು ಕಲಿತ, ಮೂರನೇ ವರ್ಷಕ್ಕೆ ಬಂಗುಡೆ ಮೀನು ತಿನ್ನುವುದನ್ನೂ ಕಲಿತ. ಗದಗಿನ ನೆಂಟರಿಗೆ ಮಾತ್ರ ಅದನ್ನು ಹೇಳಿರಲಿಲ್ಲ. ಊರು ಅವನಿಗೆ ಒಗ್ಗಿಹೋಯಿತು.

ಅವಳಿಗೆ ಒಗ್ಗಲಿಲ್ಲ. ಕಪ್ಪತಗುಡ್ಡದ ಒಣ ಗಾಳಿಯಲ್ಲಿ ಬೆಳೆದ ಮೈಗೆ ಇಲ್ಲಿನ ಜಿಗುಟು ಬೆವರು ಏಳು ವರ್ಷವಾದರೂ ಪರಕೀಯವಾಗಿಯೇ ಇತ್ತು. ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಕಡಲಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಆದರೂ ತಡೆದುಕೊಂಡಿದ್ದಳು, ಎರಡು ವರ್ಷದ ಹಿಂದೆ ಅವಳ ಅಕ್ಕ ಶಾಂತಲಾ ಕಾಯಿಲೆ ಬೀಳುವ ತನಕ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕದಲ್ಲಿ ನಲವತ್ತು ದಿನ ಕಳೆದಳು. ಹೆಚ್ಚಿನ ರಜೆಗೆ, ಕಾಯ್ದೆಯನ್ನು ನೋಡಿಕೊಳ್ಳುವ ಸಮುದ್ರ ಸಮಿತಿಗೆ ಅರ್ಜಿ ಹಾಕಿದಳು. ಉತ್ತರ ಬರಲಿಲ್ಲ. ನಲವತ್ತೊಂದನೇ ದಿನ ನಸುಕಿಗೆ ಹೊರಟು ಬಂದು ಕಂಬಕ್ಕೆ ಬೆರಳೊತ್ತಿದಳು. ನಲವತ್ತನಾಲ್ಕನೇ ದಿನ ಅಕ್ಕ ತೀರಿಕೊಂಡಳು. ನಲವತ್ತಾರನೇ ದಿನ ಅರ್ಜಿ ಮಂಜೂರಾಗಿ ಬಂತು.

ಆ ಕಾಗದ ಹಿಡಿದುಕೊಂಡೇ ಅವಳು ಗುಡ್ಡದ ಮೇಲಿದ್ದ, ಬಾವಿ ಕಂಪೆನಿಯ ನಿಯಂತ್ರಣ ಕೊಠಡಿಗೆ ಹೋಗಿದ್ದಳು. ಅಲ್ಲಿನ ಮುಖ್ಯಸ್ಥ ನಿರಂಜನ ಕಿಣಿ ಎದ್ದು ನಿಂತು ಏನೋ ಸಮಾಧಾನ ಹೇಳಲು ಹೊರಟಿದ್ದ. ಅವಳು ಎಲ್ಲರಿಗೂ ಕೇಳುವಂತೆ ಕಿರುಚಿದಳು. "ಒಂದಲ್ಲ ಒಂದಿನ ಈ ಬಾವಿ ಮುಚ್ಚಸ್ತೀನಿ! ನಾನ ನನ್ನ ಕೈಯಾರೆ ಮುಚ್ಚಸ್ತೀನಿ!"

ಆ ಕೊಠಡಿಯಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತಿತ್ತು.

*

ಬಾವಿ ಇದ್ದದ್ದು ದಡದಿಂದ ಮೂವತ್ತೊಂದು ಕಿಲೋಮೀಟರ್ ಆಚೆ. ಅದರ ಮೇಲೆ ಕಣ್ಣಿಡಲು ಧಾತ್ರಿ ಬಳಸುತ್ತಿದ್ದದ್ದು ಪಚ್ಚಿಲೆಗಳನ್ನು. ಬಂಡೆಗೆ ಅಂಟಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಈ ಜೀವಿ ನೀರು ಹಿತವಾಗಿದ್ದರೆ ಚಿಪ್ಪು ತೆರೆದು ಉಣ್ಣುತ್ತದೆ, ಹಿತವಿಲ್ಲದಿದ್ದರೆ ಮುಚ್ಚಿಕೊಂಡು ಕೂರುತ್ತದೆ. ಪ್ರತಿ ಪಚ್ಚಿಲೆಯ ಎರಡು ಚಿಪ್ಪಿಗೂ ಎಳ್ಳಿನ ಗಾತ್ರದ ಒಂದೊಂದು ಅಯಸ್ಕಾಂತ ಅಂಟಿಸಿ, ನಡುವಿನ ಅಂತರವನ್ನು ತಂತಿಯ ಮೂಲಕ ದಡಕ್ಕೆ ತರುವ ಉಪಾಯ ಅವಳದೇ. ಒಂದು ಹಗ್ಗಕ್ಕೆ ಎಂಬತ್ತು ಪಚ್ಚಿಲೆ, ಒಟ್ಟು ಎಂಟು ಹಗ್ಗ. ಆರು ಬಾವಿಯ ಸುತ್ತ, ಎರಡು ಊರಿನೆದುರಿನ ಹುಲಿಬಂಡೆಯ ಹತ್ತಿರ. ಯಂತ್ರಗಳಿಗೆ ವಿಷ ಕಾಣಬೇಕಾದರೆ ಅದು ಒಂದು ಮಟ್ಟ ಮುಟ್ಟಬೇಕು. ಪಚ್ಚಿಲೆಗೆ ಅದಕ್ಕಿಂತ ವರ್ಷಗಟ್ಟಲೆ ಮೊದಲೇ ಗೊತ್ತಾಗುತ್ತದೆ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಒಂದೊಂದು ಪಚ್ಚಿಲೆ ಒಂದೊಂದು ಚುಕ್ಕಿ. ತೆರೆದರೆ ಬೆಳಗುತ್ತದೆ, ಮುಚ್ಚಿದರೆ ಆರುತ್ತದೆ.

ಕಡಲಿಗೆ ಭರತ ಬಂದಾಗ ಚುಕ್ಕಿಗಳು ಹೊತ್ತಿಕೊಳ್ಳುತ್ತಿದ್ದವು, ಇಳಿತಕ್ಕೆ ಆರುತ್ತಿದ್ದವು. ಏಳು ವರ್ಷದಿಂದ ಅದೇ ಆಟ. ಈ ಅಕ್ಟೋಬರಿನಲ್ಲಿ ಮಾತ್ರ ಹುಲಿಬಂಡೆಯ ಏಳನೇ ಹಗ್ಗ ಬೇರೆ ತಾಳ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ಚುಕ್ಕಿಗಳು ಮಂಕಾಗುತ್ತಿದ್ದವು, ಬೆಳಗಿನ ಐದಕ್ಕೆ ಮತ್ತೆ ಹೊತ್ತುತ್ತಿದ್ದವು. ಮರುದಿನವೂ ಮೂರಕ್ಕೇ. ಅದರ ಮರುದಿನವೂ.

ಹನ್ನೆರಡನೇ ದಿನ ಧಾತ್ರಿ ಭರತ ಇಳಿತದ ಪಟ್ಟಿ ತೆಗೆದು ಪರದೆಯ ಪಕ್ಕ ಇಟ್ಟಳು. ಭರತ ಇಳಿತದ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಕಡಲಿನ ಯಾವ ಜೀವಿಯೂ ಮನುಷ್ಯರ ಗಡಿಯಾರ ನೋಡಿ ಬಾಯಿ ಮುಚ್ಚುವುದಿಲ್ಲ.

ಬಾವಿಯಲ್ಲಿ ಅನಿಲದ ಜೊತೆ ಕೊಳಕು ನೀರೂ ಬರುತ್ತಿತ್ತು. ಅದನ್ನು ಕಡಲಿಗೆ ಬಿಡದೆ ದೊಡ್ಡ ಪಂಪುಗಳಿಂದ ಮತ್ತೆ ಬಂಡೆಯ ಆಳಕ್ಕೇ ತಳ್ಳುತ್ತಿದ್ದರು. ಪಂಪು ಓಡುತ್ತಿದ್ದದ್ದು ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ. ಆರಕ್ಕೆ ಒಂಬತ್ತು ಗಂಟೆ ಸೇರಿಸಿದರೆ ಮಧ್ಯಾಹ್ನ ಮೂರು. ಎಂಟಕ್ಕೆ ಒಂಬತ್ತು ಸೇರಿಸಿದರೆ ಬೆಳಗಿನ ಐದು. ನೆಲದಡಿಯಲ್ಲಿ ಬಾವಿಯಿಂದ ದಡದ ಕಡೆಗೆ ಒಂದು ಹಳೆಯ ಬಿರುಕಿತ್ತು. ಬಿರುಕಿನ ತುಂಬ ಜೇಡಿಮಣ್ಣು ಕೂತು ಭದ್ರವಾಗಿ ಮುಚ್ಚಿದೆ, ಏನೂ ದಾಟಲಾರದು ಎಂದು ಅವಳ ವರದಿಯ ಹದಿಮೂರನೇ ಪುಟದಲ್ಲಿತ್ತು. ಅಂದು ಬಿರುಕನ್ನು ಹನ್ನೊಂದು ದಿನ ಅಳೆಯುವಷ್ಟರಲ್ಲಿ ಮಳೆಗಾಲ ಬಂದುಬಿಟ್ಟಿತ್ತು. ಉಳಿದದ್ದನ್ನು ಲೆಕ್ಕಾಚಾರದಲ್ಲಿ ತುಂಬಿಸಿದ್ದಳು. ಈಗ ಪಂಪಿನ ಒತ್ತಡ ಆ ಬಿರುಕಿನ ಉದ್ದಕ್ಕೂ ಹಾದು, ತುಂಬಿದ ಕೊಳವೆಯ ಒಂದು ತುದಿಗೆ ನೀರು ಸುರಿದರೆ ಇನ್ನೊಂದು ತುದಿಯಿಂದ ಹಳೆ ನೀರು ಉಕ್ಕುವ ಹಾಗೆ, ಅಲ್ಲಿ ಕೂತಿದ್ದ ವಿಷವನ್ನು ಹುಲಿಬಂಡೆಯ ಬುಡದಲ್ಲಿ, ಏಳನೇ ಹಗ್ಗದ ಕೆಳಗೇ, ಹೊರಗೆ ತಳ್ಳುತ್ತಿತ್ತು.

ತಾನು ತಪ್ಪಿದ್ದೇನೆ ಎಂದು ಅವಳಿಗೆ ತಿಳಿಯಿತು. ಅದೇ ಗಳಿಗೆಯಲ್ಲಿ ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತು. ಇಲ್ಲಿಂದ ಹೋಗಬಹುದು. ಆ ಹಗುರವನ್ನು ಕಂಡು ಅವಳಿಗೆ ತನ್ನ ಮೇಲೇ ಭಯವಾಯಿತು.

ಮರುದಿನ ಇಳಿತದ ಹೊತ್ತಿಗೆ ರುಕ್ಕಕ್ಕನ ದೋಣಿಯಲ್ಲಿ ಹುಲಿಬಂಡೆಗೆ ಹೋದಳು. ರುಕ್ಕಕ್ಕನಿಗೆ ಐವತ್ತೆಂಟು. ಚಿಕ್ಕಂದಿನಿಂದ ಆ ಬಂಡೆಯಲ್ಲಿ ಪಚ್ಚಿಲೆ ಕಿತ್ತವಳು, ಈಗ ಹಗ್ಗಗಳನ್ನು ನೋಡಿಕೊಳ್ಳುವ ಕೆಲಸ. ಅವಳು ಬಂಡೆಯಿಂದ ಒಂದು ಪಚ್ಚಿಲೆ ಕಿತ್ತು, ಕತ್ತಿಯಿಂದ ಬಿಡಿಸಿ, ಒಳಗಿನ ಮಾಂಸವನ್ನು ಬೆರಳಿನಿಂದ ಒತ್ತಿ ತೋರಿಸಿದಳು.

"ಕಾಣಿ ಸಹಿಯಮ್ಮ, ಚಿಪ್ಪಿನೊಳ್ಗೆ ಎಂತದೂ ಇಲ್ಲೆ. ಈ ತಿಂಗ್ಳಲ್ಲಿ ಕೈ ತುಂಬ ಬರ್ಕಿತ್ತ್. ಹೊಟ್ಟಿಗಿಲ್ದೆ ಸೊರ್ಗಿದ್ದೊ."

"ಎಷ್ಟು ದಿನದಿಂದ ಹೀಂಗ?"

"ಮಳೆ ಮುಗ್ದ್ ಮೇಲೆ." ರುಕ್ಕಕ್ಕ ಅದನ್ನು ನೀರಿಗೆಸೆದಳು. "ನಾನ್ ಮನೆಗ್ ತಕಂಡ್ ಹೋಪುದ್ ಬಿಟ್ಟಿದೆ. ಮೊಮ್ಮಕ್ಳಿಗ್ ಕೊಡುಕೆ ಮನ್ಸ್ ಬತ್ತಿಲ್ಲೆ."

*

ಆ ದಿನ ಊಟಕ್ಕೆ ಕೂತಾಗ ಧಾತ್ರಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ವಿರೂಪಾಕ್ಷ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. ಅವನು ಮೆಲುಮಾತಿನವನು. ಮುಖ ನೋಡದೆಯೇ ಪ್ರಶ್ನೆ ಹಾಕಿದ.

"ಒಂದು ಮಾತು ಖರೇ ಹೇಳು. ಅದು ನಿನಗ ಕಂಡೈತೋ, ಕಾಣಲಿ ಅಂತ ಅನಸೈತೋ?"

"ಹಂಗಂದ್ರ ಏನು? ನಾ ಸುಳ್ಳ ಹೇಳ್ತೀನಂತೀ?"

"ಸುಳ್ಳ ಅನ್ನಂಗಿಲ್ಲ. ಎರಡು ವರ್ಷದಿಂದ ನೀ ದಿನಾ ಆ ಪರದಿ ಮುಂದ ಕುಂತು ಏನು ಹುಡಕಾಕತ್ತಿದ್ದಿ? ಬಾಗಲಾನ ಹುಡಕಾಕತ್ತಿದ್ದಿ. ಈಗ ಬಾಗಲಾ ಸಿಕ್ಕೈತಿ ಅಂತೀ. ಊರಾಗಿನವರು ಕೇಳೂದಕ್ಕಿಂತ ಮೊದಲ ನಾನ ಕೇಳಾಕತ್ತೀನಿ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ಪ್ರಶ್ನೆಯನ್ನು ಅವಳು ದೋಣಿಯಲ್ಲೇ ತನಗೆ ತಾನು ಕೇಳಿಕೊಂಡಿದ್ದಳು.

ಕಿಣಿಯೂ ಅದನ್ನೇ ಕೇಳಿದ, ಇನ್ನೊಂದು ಬಗೆಯಲ್ಲಿ. ಅವನೇನು ಕೆಟ್ಟವನಲ್ಲ. ಪಂಪಿನದೂ ಹಗ್ಗದ್ದೂ ಎರಡು ಪರದೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅರ್ಧ ಗಂಟೆ ನೋಡಿದ. ನಂತರ ಕನ್ನಡಕ ತೆಗೆದ.

"ನೋಡಿ ಮೇಡಂ, ಗಡಿಯಾರ ನೋಡಿಕೊಂಡು ಕೆಲಸ ಮಾಡುವುದು ನಮ್ಮ ಪಂಪು ಒಂದೇ ಅಲ್ಲ. ಬಂದರಿನ ಧಕ್ಕೆಯ ಮಂಜುಗಡ್ಡೆ ಕಾರ್ಖಾನೆಯವರು ದಿನಾ ಮೂರು ಗಂಟೆಗೇ ಬಿಸಿನೀರು ಹೊರಗೆ ಬಿಡ್ತಾರೆ. ಬೋಟುಗಳು ಬರುವುದೂ ಆವಾಗಲೇ, ಡೀಸೆಲ್ ಸೋರ್ತದೆ. ಅದಲ್ಲ, ಬಾವಿಯೇ ಅಂತ ನೀವು ಹೇಗೆ ಹೇಳ್ತೀರಿ?"

"ಹದಿನೈದು ದಿನ ಪಂಪು ನಿಲ್ಲಿಸಿ. ಗೊತ್ತಾಗತದ."

"ಪಂಪು ನಿಂತರೆ ಬಾವಿ ನಿಲ್ತದೆ. ಬಾವಿ ನಿಂತರೆ ನೀರಿನ ಘಟಕ ನಿಲ್ತದೆ. ಊರಿನವರಿಗೆ ನೀವೇ ಹೇಳ್ತೀರಾ ಮಾರಾಯ್ರೆ?"

ಊರಿನ ಕುಡಿಯುವ ನೀರಿನ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿ ವರ್ಷಗಳೇ ಆಗಿದ್ದವು. ಕಂಪೆನಿಯವರು ಕಡಲ ಬಾವಿಯ ಅನಿಲದಿಂದಲೇ ಓಡುವ ಘಟಕ ಕಟ್ಟಿ, ಕಡಲ ನೀರಿನ ಉಪ್ಪು ತೆಗೆದು, ಮನೆಮನೆಯ ನಲ್ಲಿಗೆ ಸಿಹಿನೀರು ಕೊಡುತ್ತಿದ್ದರು. ಅದಕ್ಕೆ ಮೊದಲು ಹೆಂಗಸರು ಟ್ಯಾಂಕರ್ ಲಾರಿಯ ಹಿಂದೆ ಓಡುತ್ತಿದ್ದರು.

ಧಾತ್ರಿ ಮೂರು ದಿನ ಸುಮ್ಮನಿದ್ದಳು. ಮೂರು ದಿನವೂ ಏಳನೇ ಹಗ್ಗ ಮೂರು ಗಂಟೆಗೆ ಬಾಯಿ ಮುಚ್ಚಿತು. ನಾಲ್ಕನೇ ದಿನ ಸಹಿ ಹಿಂತೆಗೆದುಕೊಳ್ಳುವ ಅರ್ಜಿ ಬರೆದು ಸಮಿತಿಗೆ ಕಳಿಸಿದಳು.

*

ಸಮುದ್ರ ಸಮಿತಿ ವಿಚಾರಣೆಗೆ ಊರಿಗೇ ಬಂತು. ಮೀನುಗಾರರ ಸಂಘದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಬಿಳಿ ಕೂದಲಿನ ಸಣ್ಣ ಹೆಂಗಸು. ಧಾತ್ರಿ ಒಂದು ಗಂಟೆ ಮಾತಾಡಿದಳು. ಹದಿಮೂರನೇ ಪುಟವನ್ನು ತಾನೇ ಓದಿ, ಇದು ತಪ್ಪು ಎಂದಳು. ಹಾಗೆ ಹೇಳಿದ ಮೇಲೆ ತನ್ನಿಂದ ಇನ್ನು ಯಾರೂ ವರದಿ ಬರೆಸುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು.

ನಂತರ ಕಿಣಿ ಎದ್ದ. ತಲೆ ತಗ್ಗಿಸಿಯೇ, ಎರಡು ವರ್ಷದ ಹಿಂದಿನ ದಾಖಲೆಯನ್ನು ಕೇಳಿಸಿದ. ಸಭಾಂಗಣದ ತುಂಬ ಅವಳದೇ ದನಿ ಕಿರುಚಿತು. ಒಂದಲ್ಲ ಒಂದಿನ ಈ ಬಾವಿ ಮುಚ್ಚಸ್ತೀನಿ. ನಾನ ನನ್ನ ಕೈಯಾರೆ ಮುಚ್ಚಸ್ತೀನಿ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಅವ್ರಿಗ್ ಊರಿಗ್ ಹೋಪುಕೆ ಮನ್ಸಾಯ್ತ್! ಅದ್ಕ್ ನಮ್ ನೀರ್ ನಿಲ್ಸೂದಾ?"

ಗದ್ದಲವೆದ್ದಿತು. ಧಾತ್ರಿ ಜನರ ನಡುವೆ ರುಕ್ಕಕ್ಕನನ್ನು ಹುಡುಕಿದಳು. ಅವಳು ಕಿಟಕಿಯ ಹತ್ತಿರ ಕೂತಿದ್ದಳು, ಮಡಿಲಲ್ಲಿ ಕೈಗಳು. ಪಚ್ಚಿಲೆ ಸೊರಗಿದ್ದು ಊರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದದ್ದು ಅವಳಿಗೆ. ಅಧ್ಯಕ್ಷೆ, "ಹಗ್ಗ ನೋಡಿಕೊಳ್ಳುವವರು ಏನಾದರೂ ಹೇಳುವುದಿದೆಯೇ?" ಎಂದು ಕೇಳಿದಾಗ ರುಕ್ಕಕ್ಕ ಎದ್ದಳು. ಪಕ್ಕದಲ್ಲಿದ್ದ ಸೊಸೆ ಅವಳ ಸೆರಗು ಹಿಡಿದೆಳೆದಳು. "ನಂಗೆಂತ ಗೊತ್ತಿಲ್ಲೆ," ಎಂದು ರುಕ್ಕಕ್ಕ ಕೂತುಬಿಟ್ಟಳು.

ಧಾತ್ರಿಗೆ ಅವಳ ಮೇಲೆ ಬೇಸರವೂ ಆಗಲಿಲ್ಲ. ಗೋಡೆಗಳು ನಾಲ್ಕೂ ಕಡೆಯಿಂದ ಹತ್ತಿರ ಬಂದ ಹಾಗಾಯಿತು.

ಅಧ್ಯಕ್ಷೆ ಕೈಯೆತ್ತಿ ಜನರನ್ನು ಸುಮ್ಮನಾಗಿಸಿದರು. "ಡಾಕ್ಟರ್ ಬಳಿಗಾರ, ಪರೀಕ್ಷೆಗೆ ಆದೇಶ ಕೊಡಲು ನನಗೆ ಅಧಿಕಾರವಿದೆ. ಆದರೆ ದೂರು ಕೊಟ್ಟವರಿಗೆ ಅದರಿಂದ ಸ್ವಂತ ಲಾಭ ಇರಕೂಡದು ಅನ್ನುತ್ತದೆ ನಿಯಮ. ನಿಮಗಿದೆ. ಬಾವಿ ಮುಚ್ಚಿದರೆ ನಿಮಗೆ ಬಿಡುಗಡೆ. ಇಂಥ ಅರ್ಜಿ ಇದೇ ಮೊದಲು, ಕಾಯ್ದೆ ಮಾಡಿದವರು ಇದನ್ನು ಯೋಚಿಸಿರಲಿಲ್ಲ ಅಂತ ಕಾಣುತ್ತದೆ. ನಾನೇನು ಮಾಡಲಿ, ನೀವೇ ಹೇಳಿ."

ಧಾತ್ರಿ ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ನೋಡಿದಳು. ಸಹಿ ಹಿಂತೆಗೆಯುವುದು ಬೇಡ ಎಂದು ಕೂತುಬಿಟ್ಟರೆ ಹುಲಿಬಂಡೆಯಲ್ಲಿ ಸೋರುವುದು ಸೋರುತ್ತಲೇ ಇರುತ್ತದೆ, ಇನ್ನೆರಡು ವರ್ಷಕ್ಕೆ ಯಂತ್ರಗಳಿಗೆ ಕಾಣುವ ಹೊತ್ತಿಗೆ ಊರಿನ ಮಕ್ಕಳ ಮೈಯಲ್ಲಿರುತ್ತದೆ. ಕಾಯ್ದೆಯಲ್ಲಿ ಬಾಗಿಲು ಇದ್ದದ್ದು ನಿಜ, ಆದರೆ ಅದು ತೆರೆದಿರುವ ತನಕ ಅವಳು ಹೇಳಿದ್ದು ಯಾರಿಗೂ ಕೇಳುವುದಿಲ್ಲ. ಬಾಗಿಲನ್ನೇ ಮುಚ್ಚಿದರೆ?

"ನನಗೆ ಬಿಡುಗಡೆ ಬೇಡ," ಎಂದಳು. ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ಬಾವಿ ಮುಚ್ಚಿದರೂ ಸರಿ, ಮುಚ್ಚದಿದ್ದರೂ ಸರಿ. ಹದಿನೈದು ವರ್ಷ ನಾನು ಇಲ್ಲೇ ಇರ್ತೀನಿ. ಕಾಯ್ದೆ ಹೇಳಿದ ಹಾಗೇ, ನಲವತ್ತು ದಿನದ ಲೆಕ್ಕದಲ್ಲೇ. ಬರೆದುಕೊಡ್ತೀನಿ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು.

"ಇದನ್ನು ಮತ್ತೆ ಹಿಂದಕ್ಕೆ ಪಡೆಯಲು ದಾರಿಯಿಲ್ಲ," ಎಂದರು ಅಧ್ಯಕ್ಷೆ ಮೆಲ್ಲಗೆ. "ನಿಮಗೆ ಅರ್ಥವಾಗಿದೆ ತಾನೆ?"

"ಆಗೇದ."

ಕಾಗದ ತಂದರು. ಅವಳು ಸಹಿ ಹಾಕಿದಳು. ತಲೆಯೆತ್ತಿದಾಗ ಬಾಗಿಲ ಬಳಿ ನಿಂತಿದ್ದ ವಿರೂಪಾಕ್ಷನ ಮುಖ ಕಂಡಿತು. ಅವನು ತಿರುಗಿ ಹೊರಟುಹೋದ.

ಮನೆಗೆ ಬಂದಾಗ ಅವನು ಅಂಗಳದ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳ ಚಿತ್ರದ ಹಾಳೆಗಳನ್ನು ಸುಮ್ಮಸುಮ್ಮನೆ ಜೋಡಿಸುತ್ತ ಕೂತಿದ್ದ.

"ನನ್ನ ಒಂದು ಮಾತು ಕೇಳಬೇಕಿತ್ತಲ್ಲ," ಎಂದ.

"ನಿನಗ ಈ ಊರು ಬೇಕಾಗಿತ್ತಲ್ಲ. ಖುಷಿ ಆಗ್ತೀ ಅಂದಕೊಂಡೆ."

"ಊರು ಬೇಕು. ಹದಿನೈದು ವರ್ಷ ನೀ ಇಲ್ಲಿ ಒಣಗೂದನ್ನ ನೋಡೂದು ಬೇಕಾಗಿಲ್ಲ." ಅವನ ಕಣ್ಣು ತುಂಬಿತ್ತು. "ನೀ ಸಹಿ ತೆಗೆದ್ರ ನಿನ್ನ ಜೋಡಿ ನಾನೂ ಬರೂದಂತ ಠರಾಯಿಸಿದ್ದೆ. ಮೊನ್ನೆ ಹೆಡ್‌ಮಾಸ್ತರಗ ಹೇಳೇನಿ."

ಅವಳು ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

*

ಪರೀಕ್ಷೆಯನ್ನು ಅಧ್ಯಕ್ಷೆಯೇ ಯೋಚಿಸಿದರು. ಹತ್ತು ದಿನ. ಕಿಣಿ ತನಗೆ ಬೇಕೆನಿಸಿದಾಗ ಪಂಪು ಓಡಿಸಬೇಕು, ಬೇಕೆನಿಸಿದಾಗ ನಿಲ್ಲಿಸಬೇಕು. ಯಾವಾಗ ಏನು ಮಾಡಿದ ಎಂಬುದನ್ನು ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕು. ಧಾತ್ರಿ ಹೈಸ್ಕೂಲಿನ ಒಂದು ಕೋಣೆಯಲ್ಲಿ ಏಳನೇ ಹಗ್ಗದ ಪರದೆಯೊಂದನ್ನೇ ಇಟ್ಟುಕೊಂಡು ಕೂರಬೇಕು. ಫೋನಿಲ್ಲ, ಕಿಟಕಿ ತೆರೆಯುವಂತಿಲ್ಲ, ಸಮಿತಿಯ ಗುಮಾಸ್ತನೊಬ್ಬ ಬಾಗಿಲಲ್ಲಿ. ಪಚ್ಚಿಲೆಗಳನ್ನು ನೋಡಿ, ಪಂಪು ಯಾವಾಗ ಓಡಿತು, ಯಾವಾಗ ನಿಂತಿತು ಎಂದು ಅವಳು ಬರೆಯಬೇಕು.

ಮೊದಲ ದಿನ ಸಂಜೆ ನಾಲ್ಕೂಕಾಲಕ್ಕೆ ಚುಕ್ಕಿಗಳು ಆರಿದವು. ಅವಳು ಒಂಬತ್ತು ಗಂಟೆ ಹಿಂದಕ್ಕೆ ಎಣಿಸಿ, ಬೆಳಿಗ್ಗೆ ಏಳೂಕಾಲಕ್ಕೆ ಪಂಪು ಓಡಿತು ಎಂದು ಬರೆದಳು. ಎರಡನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೊತ್ತಿದವು, ಬರೆದಳು. ಕೋಣೆಯಲ್ಲಿ ಒಂದು ಮಂಚ, ಒಂದು ಬೀಸಣಿಗೆ. ಊಟ ಬಾಗಿಲಿಗೆ ಬರುತ್ತಿತ್ತು. ಬೆಳಿಗ್ಗೆ ಗುಮಾಸ್ತನ ಜೊತೆ ಕಂಬದವರೆಗೆ ಹೋಗಿ ಬೆರಳೊತ್ತಿ ಬರುವುದಷ್ಟೇ ಹೊರಗಿನ ಗಾಳಿ.

ಐದನೇ ದಿನದಿಂದ ಚುಕ್ಕಿಗಳು ಬರೀ ಭರತ ಇಳಿತದ ಹಿಂದೆ ಹೋಗತೊಡಗಿದವು. ಇಡೀ ದಿನ ಕಾದಳು. ಗಡಿಯಾರದ ತಾಳ ಬರಲೇ ಇಲ್ಲ. ಆರನೇ ದಿನವೂ ಇಲ್ಲ. ಏಳನೇ ದಿನ ಅವಳಿಗೆ ತಲೆ ಕೆಟ್ಟ ಹಾಗಾಯಿತು. ಕಿಣಿ ಪಂಪು ಓಡಿಸುತ್ತಲೇ ಇದ್ದು, ಪಚ್ಚಿಲೆಗಳಿಗೆ ಅದರ ಪರಿವೆಯೇ ಇಲ್ಲದಿದ್ದರೆ? ಹಾಗಿದ್ದರೆ ಎಲ್ಲವೂ ಅವಳ ಮನಸ್ಸಿನ ಆಟ. ಇಲ್ಲದ ಸೋರಿಕೆಗಾಗಿ ಹದಿನೈದು ವರ್ಷ ಬರೆದುಕೊಟ್ಟಂತೆ. ಮಧ್ಯಾಹ್ನ ನಾಲ್ಕೈದು ಚುಕ್ಕಿ ಮಂಕಾದವು. ಪೆನ್ನು ಕೈಗೆ ತಾನಾಗಿ ಬಂತು. ಇದೇ, ಇದೇ ಇರಬೇಕು ಎಂದು ಮನಸ್ಸು ಗೋಗರೆಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ನೋಡಿದಳು. ಎಂಬತ್ತರಲ್ಲಿ ಐದು. ಅದು ಏನೂ ಅಲ್ಲ. ಮೂರು ದಿನದ ಜಾಗದಲ್ಲಿ 'ಏನೂ ಇಲ್ಲ' ಎಂದು ಬರೆದು, ಗೋಡೆಗೆ ಹಣೆ ಕೊಟ್ಟು ನಿಂತಳು.

ಹನ್ನೊಂದನೇ ದಿನ ಮಧ್ಯಾಹ್ನ ಸಭಾಂಗಣದಲ್ಲಿ ಲಕೋಟೆ ಒಡೆದರು. ಅಧ್ಯಕ್ಷೆ ಓದುತ್ತ ಹೋದರು, ಗುಮಾಸ್ತ ಧಾತ್ರಿಯ ಹಾಳೆಯನ್ನು ಪಕ್ಕದಲ್ಲಿಟ್ಟು ಗುರುತು ಹಾಕುತ್ತ ಹೋದ. ಕಿಣಿ ಹನ್ನೊಂದು ಸಲ ಪಂಪು ಓಡಿಸಿ ನಿಲ್ಲಿಸಿದ್ದ. ಹತ್ತನ್ನು ಅವಳು ಬರೆದಿದ್ದಳು, ಅರ್ಧ ಗಂಟೆಯ ಆಚೀಚೆ. ತಪ್ಪಿದ್ದು ಒಂದು, ಇಪ್ಪತ್ತು ನಿಮಿಷದ ಮಟ್ಟಿಗೆ ಓಡಿಸಿ ನಿಲ್ಲಿಸಿದ್ದು.

"ಐದು, ಆರು, ಏಳನೇ ದಿನ?" ಅಧ್ಯಕ್ಷೆ ಕೇಳಿದರು.

"ಮೂರು ದಿನ ಪಂಪು ಹಚ್ಚಲೇ ಇಲ್ಲ," ಎಂದ ಕಿಣಿ. "ಅಲ್ಲಿ ಅವರು ಏನಾದರೂ ಬರೆದೇ ಬರೀತಾರೆ ಅಂತ ಎಣಿಸಿದ್ದೆ. ಬರೆದಿದ್ದರೆ ನಾನು ನಂಬುತ್ತಿರಲಿಲ್ಲ."

*

ತೊಂಬತ್ತು ದಿನದಲ್ಲಿ ಬಾವಿಗೆ ಸಿಮೆಂಟು ತುಂಬಿದರು. ನೀರಿನ ಘಟಕ ನಿಂತಿತು. ನಿಯಂತ್ರಣ ಕೊಠಡಿಯ ಪರದೆಗಳನ್ನು ಬಿಚ್ಚಿ ಲಾರಿಗೆ ತುಂಬಿದ ದಿನ ಕಿಣಿ ಧಾತ್ರಿಯ ಮನೆಗೆ ಬಂದ. ಚಹಾ ಕುಡಿಯಲಿಲ್ಲ. "ನಾಳೆಯಿಂದ ನನಗೆ ಗೋವಾ," ಎಂದ. "ನೀವು..." ಎಂದು ಶುರುಮಾಡಿ ಕೈಮುಗಿದು ಹೋದ. ಮುಂದಿನ ಅಧಿವೇಶನದಲ್ಲಿ ಕಾಯ್ದೆಯನ್ನು ತಿದ್ದಿದರು. ಸಹಿ ಹಿಂತೆಗೆಯುವವರ ದೂರನ್ನು ಇನ್ನು ಮುಂದೆ ಬೇರೆ ತಜ್ಞರು ನೋಡಬೇಕು, ಯಾರೂ ಏನನ್ನೂ ಬರೆದುಕೊಡಬೇಕಾಗಿಲ್ಲ ಎಂದಾಯಿತು. ಹಿಂದೆ ಬರೆದುಕೊಟ್ಟವರಿಗೆ ಅದು ಅನ್ವಯಿಸುವುದಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಹಾಗೆ ಬರೆದುಕೊಟ್ಟವಳು ದೇಶದಲ್ಲಿ ಒಬ್ಬಳೇ.

ಬಾವಿಯಿಲ್ಲದ ಊರಿನಲ್ಲಿ ಅವಳು ಬಾವಿಗಾಗಿ ಉಳಿದಳು. ಬೆಳಿಗ್ಗೆ ಬೆರಳೊತ್ತಿ ಬರುವಾಗ ಜನ ಮುಖ ತಿರುಗಿಸುತ್ತಿದ್ದರು. ಅಂಗಡಿಯಲ್ಲಿ ಸಾಮಾನು ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ವಿರೂಪಾಕ್ಷ ಶಾಲೆಗೆ ಹೋಗಿ ಬರುತ್ತಿದ್ದ. ಅವನೂ ಮೊದಲಿನಷ್ಟು ಈಜುತ್ತಿರಲಿಲ್ಲ. ಮಾರ್ಚಿನ ಬಿಸಿಲಿಗೆ ಅವಳ ಕತ್ತಿನ ಮೇಲೆ ಬೆವರುಸಾಲೆ ಎದ್ದಿತು.

ಟ್ಯಾಂಕರ್ ಲಾರಿ ಮತ್ತೆ ಬರತೊಡಗಿತ್ತು, ಎರಡು ದಿನಕ್ಕೊಮ್ಮೆ. ಧಾತ್ರಿ ಕೊಡ ತೆಗೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಅವಳ ಮುಂದಿದ್ದ ಹೆಂಗಸು ಅರ್ಧ ಹೆಜ್ಜೆ ಸರಿದು ನಿಂತಳು. ಸ್ವಲ್ಪ ಹೊತ್ತಿನ ನಂತರ ಹಿಂದಿನಿಂದ ಯಾರೋ ಬಂದು ಕೊಡ ಇಟ್ಟರು. ರುಕ್ಕಕ್ಕ. ಸಭೆಯ ನಂತರ ಇಬ್ಬರೂ ಎದುರಾಗಿರಲಿಲ್ಲ.

ರುಕ್ಕಕ್ಕ ಲಾರಿಯ ಕಡೆ ನೋಡುತ್ತಲೇ ಕೇಳಿದಳು. "ನಿಮ್ಗ್ ಸುಮ್ನ್ ಇಪ್ಪುಕಾತಿತ್ತ್. ಎಂತಕೆ ಬೇಕಿತ್ತ್ ಇದೆಲ್ಲ?"

"ನೀವು ಮೊಮ್ಮಕ್ಕಳಿಗೆ ಪಚ್ಚಿಲೆ ಕೊಡೋದನ್ನ ಬಿಟ್ಟಿದ್ರಿ. ಉಳಿದವರು ಬಿಟ್ಟಿರಲಿಲ್ಲ."

ರುಕ್ಕಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಆವತ್ತ್ ಮೀಟಿಂಗಂಗೆ ನಾನ್ ಹೇಳ್ಕಿತ್ತ್," ಎಂದಳು.

"ನೀರು ಬೇಕಾಗಿತ್ತಲ್ಲ."

"ನೀರ್ ಬೇಕಿತ್ತ್," ಎಂದು ಒಪ್ಪಿಕೊಂಡಳು ರುಕ್ಕಕ್ಕ. ಬಿಸಿಲು ನೆತ್ತಿಗೆ ಬಂದಿತ್ತು. ಮುಂದೆ ಯಾರದೋ ಕೊಡ ತುಂಬಿ ಚೆಲ್ಲಿತು, ಬೈಗುಳ ಕೇಳಿಸಿತು, ಸಾಲು ಜರುಗಿತು. ಧಾತ್ರಿ ನಿಂತಲ್ಲೇ ನಿಂತಿದ್ದಳು. ಅವಳ ಮುಂದೆ ಎರಡು ಮಾರು ಜಾಗ ಖಾಲಿ ಬಿದ್ದಿತ್ತು.

ರುಕ್ಕಕ್ಕ ಅವಳ ಬೆನ್ನಿಗೆ ಮೊಣಕೈಯಿಂದ ತಿವಿದಳು. "ಹ್ವಾಯ್, ಸಾಲ್ ಮುಂದ್ ಹೋಯ್ತ್ ಕಾಣಿ. ಹೀಂಗ್ ನಿಂತ್ರೆ ನಡುವಂಗೆ ಯಾರಾರೂ ಹೊಗ್ತ್ರ್. ಕೊಡ ಎತ್ತಿ."

ಧಾತ್ರಿ ಕೊಡ ಎತ್ತಿಕೊಂಡು ಮುಂದೆ ಸರಿದಳು. ಮುಂದೆ ಇನ್ನೂ ಇಪ್ಪತ್ತಾರು ಕೊಡಗಳಿದ್ದವು.